ಮಾಗಿಯ ಬಿಡಾರಗಳು

ಪುಷ್ಯಮಾಸದ ಒಂದು ನಸುಕಿನಲ್ಲಿ ಪಾಂಡವಪುರದ ಕುಂತಿಬೆಟ್ಟವನ್ನು ಹತ್ತಿ ನಿಂತವರಿಗೆ ಕೆಳಗಣ ನೆಲ ಕಾಣುವುದಿಲ್ಲ. ಗದ್ದೆ, ಕಬ್ಬಿನ ತೋಟ, ಕೆರೆ, ಊರು ಎಲ್ಲವನ್ನೂ ಬಿಳಿಯ ಮಂಜು ಹೊದ್ದುಕೊಂಡಿರುತ್ತದೆ. ತೆಂಗಿನ ಮರಗಳ ತಲೆಗಳು ಮಾತ್ರ ಅಲ್ಲಲ್ಲಿ ತೇಲುತ್ತಿರುತ್ತವೆ. ದಕ್ಷಿಣಕ್ಕೆ ಕರಿಘಟ್ಟ, ಉತ್ತರಕ್ಕೆ ಮೇಲುಕೋಟೆಯ ಬೆಟ್ಟಸಾಲು, ಎರಡೂ ಕಡಲ ನಡುವಣ ದ್ವೀಪಗಳಂತೆ ತೋರುತ್ತವೆ. ಬಿಸಿಲು ಒಂದು ಮಾರು ಮೇಲೇರಿದರೆ ಆಯಿತು, ಈ ಕಡಲು ಬತ್ತಿ ನೆಲ ಮತ್ತೆ ನೆಲವಾಗುತ್ತದೆ. ನಮ್ಮ ಸೀಮೆಯ ಹಿಮಪಾತವೆಂದರೆ ಇಷ್ಟೆ.

ಹಿಮಾಲಯದ ತಪ್ಪಲಿನಲ್ಲಿಯೂ ಪಶ್ಚಿಮದ ದೇಶಗಳಲ್ಲಿಯೂ ಚಳಿಗಾಲದ ಹಿಮದ ನಡುವೆ ಡೇರೆ ಹಾಕಿ ನಾಲ್ಕು ದಿನ ಕಳೆಯುವುದು ಇಂದು ಒಂದು ವಿನೋದವಾಗಿ ಬೆಳೆದಿದೆ. ಯಾವ ಕಣಿವೆ ಚೆನ್ನ, ಯಾವ ಸರೋವರದ ದಡ ರಮ್ಯ ಎಂದು ಪಟ್ಟಿ ಮಾಡಿ ಹೇಳುವವರಿದ್ದಾರೆ. ನಮ್ಮ ನಾಡಿನಲ್ಲಿ ಆ ಭಾಗ್ಯವಿಲ್ಲ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಮೇಲೆಯೂ ಹಿಮ ಬೀಳುವುದಿಲ್ಲ. ಇಬ್ಬನಿ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಬೆಳ್ಳಗೆ ಕುಳಿತದ್ದನ್ನು ನೋಡಬೇಕಾದರೂ ನೀಲಗಿರಿಯ ಉದಕಮಂಡಲಕ್ಕೆ ಹೋಗಬೇಕು. ಹಾಗಾದರೆ ಚಳಿಗಾಲದ ಬಿಡಾರದ ಮಾತು ನಮಗೆ ಅಪ್ರಸ್ತುತವೆ? ಹಾಗೆ ತೋರುವುದು ಮೇಲುನೋಟಕ್ಕೆ ಮಾತ್ರ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ಈ ನಾಲ್ಕು ತಾಲ್ಲೂಕುಗಳ ಹದಿನೆಂಟನೆಯ ಶತಮಾನದ ಚರಿತ್ರೆ ಬಹುಮಟ್ಟಿಗೆ ಮಾಗಿಯಲ್ಲಿ ಹೂಡಿ ಮಳೆಗೆ ಮುನ್ನ ಕಿತ್ತ ಬಿಡಾರಗಳ ಚರಿತ್ರೆಯೇ ಆಗಿದೆ.

ಮೊದಲು ಮಾತುಗಳನ್ನು ನೋಡೋಣ. ಕನ್ನಡಿಗರು ಮುಗಿಲಿನಂತೆ ನೆಲಕ್ಕಿಳಿಯುವ ತೆರೆಯನ್ನೂ ಮಂಜು ಎನ್ನುತ್ತಾರೆ, ಉತ್ತರದ ಬೆಟ್ಟಗಳ ಮೇಲೆ ಗಟ್ಟಿಯಾಗಿ ಬೀಳುವುದನ್ನೂ ಮಂಜು ಎನ್ನುತ್ತಾರೆ. ಎರಡನೆಯದನ್ನು ಕಾಣದವರಿಗೆ ಬೇರೆ ಹೆಸರಿನ ಅಗತ್ಯ ಬೀಳಲಿಲ್ಲ. ಸಂಸ್ಕೃತದ ಹೇಮಂತ ಶಬ್ದದಲ್ಲಿ ಹಿಮದ ನೆನಪು ಅಡಗಿದೆ. ನಾವು ಆ ಹೆಸರನ್ನು ಉಳಿಸಿಕೊಂಡೆವು, ಹಿಮ ಮಾತ್ರ ನಮ್ಮಲ್ಲಿಗೆ ಬರಲಿಲ್ಲ. ಮಾಘದಿಂದ ಬಂದ ಮಾಗಿ ಎಂಬ ಮಾತು ನಮ್ಮ ಒಕ್ಕಲಿಗನಿಗೆ ಚಳಿಯನ್ನಷ್ಟೇ ಅಲ್ಲ, ಸೊಗಡು ತುಂಬಿದ ಅವರೆಕಾಯಿಯನ್ನು, ಕಣದ ಸುತ್ತಣ ರಾಗಿಯ ಮೆದೆಯನ್ನು, ಬೆಳಗಿನ ಜಾವದ ಧನುರ್ಮಾಸದ ಪೂಜೆಯ ಹುಗ್ಗಿಯನ್ನು ನೆನಪಿಗೆ ತರುತ್ತದೆ. ಇನ್ನು ಬಿಡಾರ. ಬೀಡು, ಬಿಡಾರ ಎಂಬ ಮಾತುಗಳ ಬೇರು ‘ಬಿಡು’ ಎಂಬ ಧಾತು. ಹೊರೆಯನ್ನು ಇಳಿಯಬಿಟ್ಟ, ಎತ್ತಿನ ಕೊರಳನ್ನು ನೊಗದಿಂದ ಬಿಟ್ಟ ಸ್ಥಳವೇ ಬೀಡು. ಹೊಯ್ಸಳರ ಶಾಸನಗಳು ರಾಜಧಾನಿಯನ್ನು ‘ನೆಲೆವೀಡು’ ಎಂದು ಕರೆಯುತ್ತವೆ. ನೆಲೆನಿಂತ ಬೀಡು! ರಾಜಧಾನಿಯೂ ಕಿತ್ತುಹೋಗಬಹುದಾದ ಒಂದು ಪಾಳೆಯವೇ ಎಂಬ ಅರಿವು ಆ ಶಬ್ದವನ್ನು ಬಳಸಿದವರಿಗೆ ಇದ್ದಿರಲಿ ಇಲ್ಲದಿರಲಿ, ಶಬ್ದಕ್ಕಂತೂ ಇದೆ.

ಯುರೋಪಿನ ಸೈನ್ಯಗಳಿಗೂ ನಮ್ಮ ಸೈನ್ಯಗಳಿಗೂ ಇದ್ದ ಒಂದು ದೊಡ್ಡ ಭೇದವನ್ನು ಇಲ್ಲಿ ಗಮನಿಸಬೇಕು. ಹಿಮ ಬೀಳುವ ದೇಶಗಳಲ್ಲಿ ಯುದ್ಧಕ್ಕೆ ಕಾಲ ಬೇಸಗೆ. ಚಳಿಗಾಲ ಬಂದಿತೆಂದರೆ ದಾರಿಗಳು ಮುಚ್ಚುತ್ತವೆ, ಕುದುರೆಗೆ ಮೇವಿಲ್ಲ. ಸೇನಾಪತಿಗಳು ದಂಡನ್ನು ಊರೂರುಗಳಿಗೆ ಹಂಚಿ ‘ಚಳಿಗಾಲದ ಬಿಡಾರ’ ಸೇರುತ್ತಾರೆ. ನಮ್ಮಲ್ಲಿ ಇದು ತಲೆಕೆಳಗು. ಇಲ್ಲಿ ದಾರಿಯನ್ನು ಮುಚ್ಚುವುದು ಮಳೆ. ಜೂನಿನಿಂದ ಅಕ್ಟೋಬರಿನವರೆಗೆ ಕಾವೇರಿ, ಹೇಮಾವತಿ, ಲೋಕಪಾವನಿಗಳು ತುಂಬಿ ಹರಿಯುತ್ತವೆ, ಎರೆಮಣ್ಣಿನಲ್ಲಿ ಬಂಡಿಯ ಗಾಲಿ ಹೂತುಹೋಗುತ್ತದೆ, ಮದ್ದು ತೊಯ್ಯುತ್ತದೆ. ಆದುದರಿಂದ ನಮ್ಮ ನಾಡಿನಲ್ಲಿ ಸನ್ಯಾಸಿಗೂ ಸೈನಿಕನಿಗೂ ಒಂದೇ ಪಂಚಾಂಗವಿತ್ತು. ಮಳೆಗಾಲದ ನಾಲ್ಕು ತಿಂಗಳು ಯತಿಗಳು ಚಾತುರ್ಮಾಸ್ಯವೆಂದು ಒಂದೆಡೆ ನಿಲ್ಲುತ್ತಾರೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಂಥ ಜೈನಕ್ಷೇತ್ರಗಳ ಮುನಿಪರಂಪರೆಗೂ ಇದೇ ನಿಯಮ; ಹೆಜ್ಜೆಗೊಂದು ಜೀವಿ ಹುಟ್ಟುವ ಆ ಕಾಲದಲ್ಲಿ ನಡೆಯುವುದೇ ಹಿಂಸೆ. ಮಳೆ ಮುಗಿದ ಮೇಲೆ ಮುನಿ ವಿಹಾರಕ್ಕೆ ಹೊರಡುತ್ತಾನೆ, ದೊರೆ ದಂಡಯಾತ್ರೆಗೆ ಹೊರಡುತ್ತಾನೆ. ವಿಜಯದಶಮಿಯ ದಿನ ಬನ್ನಿಯ ಮರವನ್ನು ಪೂಜಿಸಿ ಸೀಮೆಯನ್ನು ದಾಟುವ ಸೀಮೋಲ್ಲಂಘನದ ಆಚರಣೆ ಈ ಪಂಚಾಂಗದ ಮೊದಲ ಪುಟ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಉತ್ಸವದಲ್ಲಿಯೂ, ಮರಾಠರ ಸರದಾರರು ದಸರೆಯ ಮರುದಿನಗಳಲ್ಲಿ ಕುದುರೆ ಏರುತ್ತಿದ್ದ ರೂಢಿಯಲ್ಲಿಯೂ ಕಾಣುವುದು ಈ ಋತುಧರ್ಮವೇ.

ಆದರೆ ಈ ಪಂಚಾಂಗದಲ್ಲಿ ಒಂದು ಕ್ರೂರವಾದ ಕಾಕತಾಳವಿದೆ. ದಸರೆಯ ಅನಂತರ ಹೊರಟ ದಂಡು ಹಲವು ದಿನಗಳ ಪಯಣ ಮುಗಿಸಿ ನಮ್ಮ ಸೀಮೆಯನ್ನು ತಲುಪುವ ಹೊತ್ತಿಗೆ ರಾಗಿ ಕೊಯ್ಲಾಗಿರುತ್ತದೆ, ಬತ್ತ ಕಣಕ್ಕೆ ಬಂದಿರುತ್ತದೆ, ಹುಲ್ಲು ಮೆದೆಯಾಗಿರುತ್ತದೆ. ಮಾಗಿ ಯುದ್ಧಕಾಲವಾದುದು ಹವೆ ಹಿತವೆಂದಷ್ಟೇ ಅಲ್ಲ. ಒಕ್ಕಲಿಗನ ಸುಗ್ಗಿ ಸಿದ್ಧವಾಗಿರುತ್ತದೆ ಎಂಬುದೂ ಅದಕ್ಕೆ ಕಾರಣ. ಕಾದಾಳುಗಳಿಗಿಂತ ಹಿಂಬಾಲಕರೇ ನಾಲ್ಕಾರು ಪಟ್ಟು ಹೆಚ್ಚಾಗಿದ್ದ ಆ ಕಾಲದ ಪಾಳೆಯ, ಆನೆ ಕುದುರೆ ಒಂಟೆ ಎತ್ತುಗಳೊಡನೆ ಒಂದು ಊರಿನ ಬಳಿ ಮೂರು ದಿನ ನಿಂತರೆ ಅಲ್ಲಿ ಮುಂದಿನ ಮಳೆಯವರೆಗೆ ಉಣ್ಣಲು ಏನೂ ಉಳಿಯುತ್ತಿರಲಿಲ್ಲ. ರಾಗಿಯನ್ನು ನೆಲದೊಳಗೆ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಹರಡುವ ನಮ್ಮ ರೈತರ ಪದ್ಧತಿಯನ್ನು ಕೃಷಿಯ ಜಾಣ್ಮೆಯೆಂದು ಹೊಗಳುತ್ತೇವೆ. ವರ್ಷಗಟ್ಟಲೆ ಕೆಡದ ಧಾನ್ಯಕ್ಕೆ ಅದು ತಕ್ಕ ಉಗ್ರಾಣ, ನಿಜ. ಆದರೆ ದಂಡಿನ ದಾರಿಯಲ್ಲಿದ್ದ ಊರಿಗೆ ಹಗೇವೇ ಕೋಟೆಯೂ ಆಗಿತ್ತು. ಕಲ್ಲಿನ ಕೋಟೆ ದೊರೆಯನ್ನು ಕಾಯುತ್ತಿತ್ತು, ಮಣ್ಣಿನ ಹಗೇವು ಮಕ್ಕಳನ್ನು ಕಾಯುತ್ತಿತ್ತು.

ಪಾಳೆಯ ಬಿಡಲು ಸ್ಥಳವನ್ನು ಆರಿಸುವಾಗ ಸೇನಾಪತಿ ನೋಡುತ್ತಿದ್ದುದು ಮೂರು ಗುಣಗಳನ್ನು: ಕುಡಿಯಲು ಸಿಹಿನೀರು, ಬೆನ್ನಿಗೊಂದು ಬೆಟ್ಟ, ಎದುರಿಗೆ ವಿಶಾಲವಾದ ಬಯಲು. ಚಿತ್ರಕಾರನು ರಮ್ಯವೆನ್ನುವ ಸ್ಥಳದಲ್ಲಿಯೂ ಇರುವುದು ಇವೇ ಮೂರು. ಹೀಗಾಗಿ ನಮ್ಮ ಸೀಮೆಯ ಅತ್ಯಂತ ಸುಂದರವಾದ ಎಡೆಗಳೇ ಮೇಲಿಂದ ಮೇಲೆ ದಂಡಿನ ತುಳಿತಕ್ಕೆ ಸಿಕ್ಕವು. ಇದಕ್ಕೆ ತೊಣ್ಣೂರಿಗಿಂತ ಬೇರೆ ನಿದರ್ಶನ ಬೇಕಿಲ್ಲ. ಎರಡು ಬೆಟ್ಟಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಆ ತಿಳಿನೀರಿನ ಹರವು, ದಡದಲ್ಲಿ ನಂಬಿನಾರಾಯಣ, ವೇಣುಗೋಪಾಲ, ಯೋಗಾನರಸಿಂಹರ ಗುಡಿಗಳು, ರಾಮಾನುಜಾಚಾರ್ಯರ ನೆನಪು. ದೋರಸಮುದ್ರ ಹಾಳಾದ ಮೇಲೆ ಬಳಲಿದ ಹೊಯ್ಸಳರಿಗೆ ಕೆಲಕಾಲ ನೆಲೆವೀಡಾದದ್ದೂ ಇದೇ ತೊಂಡನೂರು. 1746ರಲ್ಲಿ ದಖನ್ನಿನ ಸುಭೇದಾರ ನಿಜಾಮ್-ಉಲ್-ಮುಲ್ಕನ ಮಗ ನಾಸಿರ್ ಜಂಗ್ ಮೈಸೂರಿನಿಂದ ಪೊಗದಿ ವಸೂಲು ಮಾಡಲು ದಂಡೆತ್ತಿ ಬಂದನು. ಈ ಕೆರೆಯ ನೀರಿನ ನಿರ್ಮಲತೆಗೆ ಮಾರುಹೋಗಿ ಅವನು ಅದನ್ನು ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಎಂದು ಕರೆದನಂತೆ. ಸುಲಿಯಲು ಬಂದವನ ಬಾಯಿಂದ ಬಂದ ಸುಂದರವಾದ ಹೆಸರು ಅದು. ಹೆಸರು ಚೆಲುವಾದುದರಿಂದ ಉಳಿಯಿತು. ಆ ವರ್ಷ ಸುತ್ತಣ ಊರುಗಳು ತೆತ್ತದ್ದೆಷ್ಟು ಎಂಬುದು ಯಾವ ಹೆಸರಿನಲ್ಲಿಯೂ ಉಳಿಯಲಿಲ್ಲ.

ಇದೇ ಮುತ್ತಿನ ಕೆರೆಯ ಆಸುಪಾಸಿನಲ್ಲಿ ಇಪ್ಪತ್ತೈದು ವರ್ಷಗಳ ಬಳಿಕ ಹೈದರನು ತನ್ನ ಜೀವನದ ಅತಿ ದೊಡ್ಡ ಸೋಲುಗಳಲ್ಲೊಂದನ್ನು ಉಂಡನು. 1771ರ ಆರಂಭದಲ್ಲಿ ಮೇಲುಕೋಟೆಯ ಬೆಟ್ಟಗಳ ಆಸರೆಯಲ್ಲಿ ಅವನ ಪಾಳೆಯ, ಎದುರಿಗೆ ತ್ರಿಂಬಕರಾಯನ ಮರಾಠಾ ಪಾಳೆಯ. ಮೇವು ಮುಗಿಯುತ್ತ ಬಂದಿತು. ಮಾರ್ಚಿಯ ಮೊದಲ ವಾರದ ಒಂದು ರಾತ್ರಿ ಹೈದರನು ಸದ್ದಿಲ್ಲದೆ ಬೀಡು ಕಿತ್ತು ಶ್ರೀರಂಗಪಟ್ಟಣದ ಕಡೆಗೆ ಹೊರಟನು. ಗುಟ್ಟು ಉಳಿಯಲಿಲ್ಲ. ಬೆಳಗಾಗುವಷ್ಟರಲ್ಲಿ ಮರಾಠರ ಕುದುರೆಗಳು ಸುತ್ತುವರಿದವು. ಚಿನಕುರಳಿಯ ಬಯಲಿನಲ್ಲಿ ದಂಡು ಚೆದುರಿಹೋಯಿತು. ಹೈದರನು ಹೇಗೋ ಪಟ್ಟಣವನ್ನು ಸೇರಿಕೊಂಡನು. ತರುಣ ಟಿಪ್ಪು ಭಿಕ್ಷುಕನ ವೇಷದಲ್ಲಿ ತಪ್ಪಿಸಿಕೊಂಡು ಬಂದನು. ಗೆದ್ದವರು ಒಡನೆ ಶ್ರೀರಂಗಪಟ್ಟಣಕ್ಕೆ ನುಗ್ಗದೆ ಮೇಲುಕೋಟೆಯನ್ನು ಸೂರೆಗೊಂಡರು. ದೇವರ ಮರದ ತೇರುಗಳಲ್ಲಿದ್ದ ಕಬ್ಬಿಣದ ಆಸೆಗೆ ಅವುಗಳಿಗೆ ಬೆಂಕಿಯಿಟ್ಟರೆಂದು ಅಂದಿನ ವೃತ್ತಾಂತಗಳು ಹೇಳುತ್ತವೆ. ಅದೇ ದೇವರಿಗೆ ಕೈಮುಗಿಯುವವರೇ ಆ ದಂಡಿನಲ್ಲಿ ಬಹುಮಂದಿ ಇದ್ದರು ಎಂಬುದನ್ನು ಮರೆಯಬಾರದು. ಪಾಳೆಯದ ಹಸಿವಿಗೆ ಮತವಿಲ್ಲ.

ಇನ್ನು ಕಾರ್ನ್‌ವಾಲಿಸನ ಮಾತು. ನಿಜವಾದ ಹಿಮದ ನಡುವಣ ಬಿಡಾರವನ್ನು ಕಂಡು, ಅದರ ಕಹಿಯನ್ನು ಉಂಡು, ಬಳಿಕ ನಮ್ಮ ಹಿಮವಿಲ್ಲದ ಮಾಗಿಗೆ ಬಂದ ಸೇನಾಪತಿ ಅವನು. 1776ರ ಡಿಸೆಂಬರಿನಲ್ಲಿ ಅಮೆರಿಕದ ವಸಾಹತುಗಳ ಯುದ್ಧ ನಡೆಯುತ್ತಿದ್ದಾಗ ಇಂಗ್ಲಿಷ್ ಸೇನಾಪತಿ ಹೋವ್ ರೂಢಿಯಂತೆ ದಂಡನ್ನು ಚಳಿಗಾಲದ ಬಿಡಾರಗಳಿಗೆ ಹಂಚಿದನು. ಕಾರ್ನ್‌ವಾಲಿಸನಿಗೆ ಊರಿಗೆ ಹೋಗಲು ರಜೆ ಸಿಕ್ಕಿತ್ತು. ಅಷ್ಟರಲ್ಲಿ ವಾಷಿಂಗ್‌ಟನ್ನನು ಹಿಮ ಸುರಿಯುತ್ತಿದ್ದ ರಾತ್ರಿ, ಮಂಜುಗಡ್ಡೆ ತೇಲುತ್ತಿದ್ದ ಡೆಲವೇರ್ ನದಿಯನ್ನು ದಾಟಿ ಟ್ರೆಂಟನ್ನಿನ ಬಿಡಾರದ ಮೇಲೆ ಬಿದ್ದನು. ರಜೆ ರದ್ದಾಯಿತು. 1777ರ ಜನವರಿ 2ರ ಸಂಜೆ ಕಾರ್ನ್‌ವಾಲಿಸನು ವಾಷಿಂಗ್‌ಟನ್ನನ ಪಾಳೆಯದ ಎದುರಿಗೆ ಬಂದು ನಿಂತನು. ಬೆಳಗಾದ ಮೇಲೆ ಹಿಡಿಯೋಣವೆಂದು ತಡೆದನು. ಆ ರಾತ್ರಿ ಚಳಿ ಹೆಚ್ಚಿ ಕೆಸರಿನ ದಾರಿ ಕಲ್ಲಿನಂತೆ ಗಟ್ಟಿಯಾಯಿತು. ವಾಷಿಂಗ್‌ಟನ್ನನು ಪಾಳೆಯದ ಬೆಂಕಿಗಳು ಉರಿಯುತ್ತಿರುವಂತೆ ಕೆಲವರನ್ನು ಬಿಟ್ಟು, ಉಳಿದ ದಂಡಿನೊಡನೆ ಆ ಗಟ್ಟಿದಾರಿಯಲ್ಲಿ ಜಾರಿಹೋಗಿ ಮರುದಿನ ಬೆಳಗ್ಗೆ ಪ್ರಿನ್ಸ್‌ಟನ್ನಿನಲ್ಲಿ ಗೆದ್ದನು. ಮೇಲುಕೋಟೆಯಿಂದ ಹೈದರನು ಮಾಡಲೆಳಸಿದ್ದನ್ನೇ ವಾಷಿಂಗ್‌ಟನ್ನನು ಮಾಡಿ ತೋರಿಸಿದನು. ಅವನಿಗೆ ಹಿಮದ ಸಹಾಯವಿತ್ತು ಎಂಬುದೊಂದು ಭೇದ. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಕಾರ್ನ್‌ವಾಲಿಸನು ಹತ್ತು ವರ್ಷಗಳ ಬಳಿಕ ಗವರ್ನರ್ ಜನರಲ್ಲಾಗಿ ಶ್ರೀರಂಗಪಟ್ಟಣದ ಎದುರಿಗೆ ಬಂದನು.

ಮೊದಲ ಸಾರಿ ಬಂದಾಗ ಅವನು ನಮ್ಮ ಪಂಚಾಂಗವನ್ನು ಓದಿರಲಿಲ್ಲ. 1791ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದು, ಮೇ ತಿಂಗಳ ಬಿಸಿಲಿನಲ್ಲಿ ಅರಕೆರೆಗೆ ಬಂದನು. ಮೇ 15ರಂದು ಅಲ್ಲಿ ನಡೆದ ಕಾಳಗದಲ್ಲಿ ಗೆಲವು ಅವನದೇ ಆಯಿತು. ಆದರೆ ಟಿಪ್ಪು ದಾರಿಯ ಊರುಗಳ ಮೇವನ್ನೆಲ್ಲ ಸುಡಿಸಿದ್ದನು. ಮಳೆ ಮೊದಲಾಯಿತು, ಎತ್ತುಗಳು ಸಾಲುಸಾಲಾಗಿ ಸತ್ತವು, ಪಾಳೆಯದಲ್ಲಿ ಸಿಡುಬು ಎದ್ದಿತು. ಕನ್ನಂಬಾಡಿಯವರೆಗೆ ಹೋಗಿ, ಎಳೆಯಲು ಎತ್ತಿಲ್ಲದೆ, ಮೇ 22ರಂದು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಬೇಕಾಯಿತು. ಗೆದ್ದ ಸೈನ್ಯ ಸೋತ ಸೈನ್ಯದಂತೆ ಹಿಂಜರಿಯಿತು. ಫಿರಂಗಿ ಒಡೆದ ಆ ಹಳೆಯ ಕನ್ನಂಬಾಡಿ, 1911ರಲ್ಲಿ ಕಟ್ಟಲಾರಂಭಿಸಿದ ಕೃಷ್ಣರಾಜಸಾಗರದ ನೀರಿನಲ್ಲಿ ಮುಂದೆ ಮುಳುಗಿಹೋಯಿತು. ಹಿಂದಿರುಗುವ ದಾರಿಯಲ್ಲಿ, ಮೇಲುಕೋಟೆಯ ಸಮೀಪ, ಹಸಿದ ಇಂಗ್ಲಿಷ್ ದಂಡಿಗೆ ಹರಿಪಂತ, ಪರಶುರಾಮಭಾವುಗಳ ಮರಾಠಾ ದಂಡು ಎದುರಾಯಿತು. ಅವರ ಪಾಳೆಯದ ಪೇಟೆಯಲ್ಲಿ ಧಾನ್ಯ ಮೊದಲುಗೊಂಡು ಶಾಲು, ಚೂರಿ, ಪರದೇಶದ ಬಟ್ಟೆಯವರೆಗೆ ಸಕಲವೂ ಇತ್ತು. ಬೆಲೆ ಮಾತ್ರ ದುಬಾರಿ. ಇಂಗ್ಲಿಷ್ ಗ್ರಂಥಕಾರರು ಈ ನಡೆದಾಡುವ ಪೇಟೆಯನ್ನು ಬೆರಗಿನಿಂದ ವರ್ಣಿಸಿದ್ದಾರೆ. ಅಲ್ಲಿ ಮಾರಾಟಕ್ಕಿದ್ದ ಧಾನ್ಯ ಯಾವ ಯಾವ ಊರಿನ ಕಣದಿಂದ ಬಂದುದು ಎಂದು ಕೇಳಿದವರು ಕಡಮೆ.

ಎರಡನೆಯ ಸಾರಿ ಕಾರ್ನ್‌ವಾಲಿಸನು ಋತುವನ್ನು ಅರಿತು ಬಂದನು. ಎತ್ತಿನ ಮೇಲೆ ಧಾನ್ಯ ಹೇರಿಕೊಂಡು ನಾಡಿನಿಂದ ನಾಡಿಗೆ ತಿರುಗುತ್ತಿದ್ದ, ಇಡೀ ಬಾಳೇ ಬಿಡಾರವಾಗಿದ್ದ ಲಂಬಾಣಿಗರನ್ನು ದಂಡಿನ ಅನ್ನಕ್ಕೆ ಗೊತ್ತುಮಾಡಿಕೊಂಡನು. 1792ರ ಫೆಬ್ರುವರಿ 5ರಂದು, ಮಾಗಿಯ ಕೊನೆಯ ತಂಪಿನಲ್ಲಿ, ಶ್ರೀರಂಗಪಟ್ಟಣದ ಉತ್ತರಕ್ಕೆ ಹಿರೋಡೆಯ ಬಳಿ ಮೂರು ಸರ್ಕಾರಗಳ ಡೇರೆಗಳು ಎದ್ದವು: ಮುಂದೆ ಇಂಗ್ಲಿಷರು, ಹಿಂದೆ ನಿಜಾಮನವರು ಹಾಗೂ ಮರಾಠರು. ಹೈದರ್ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಹಿಂದೆ ಬೀಡುಬಿಟ್ಟಿದ್ದ ಅಲ್ಲಿನ ಬಂಡೆಬೆಟ್ಟಗಳನ್ನು ಇಂಗ್ಲಿಷರು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಮರುದಿನ ರಾತ್ರಿ, ಬೆಳುದಿಂಗಳಿನಲ್ಲಿ, ಫಿರಂಗಿಗಳನ್ನು ಹಿಂದೆಯೇ ಬಿಟ್ಟು ಮೂರು ಸಾಲುಗಳು ಹೊರಟವು. ಬಲಕ್ಕೆ ಮೆಡೋಸ್, ನಡುವೆ ಕಾರ್ನ್‌ವಾಲಿಸ್, ಎಡಕ್ಕೆ ಕರಿಘಟ್ಟದ ಕಡೆಗೆ ಮ್ಯಾಕ್ಸ್‌ವೆಲ್. ಬೇಲಿಯನ್ನು ಭೇದಿಸಿ, ಟಿಪ್ಪುವಿನ ಪಾಳೆಯವನ್ನು ಒಡೆದು, ಕಾವೇರಿಯನ್ನು ದಾಟಿ, ಬೆಳಗಾಗುವ ಹೊತ್ತಿಗೆ ದ್ವೀಪದ ಮೇಲೆ ಕಾಲೂರಿದ್ದರು. ಟ್ರೆಂಟನ್ನಿನಲ್ಲಿ ಬೆಳಗಾಗಲೆಂದು ಕಾದು ಕೆಟ್ಟವನು ಇಲ್ಲಿ ಬೆಳಗಿಗಾಗಿ ಕಾಯಲಿಲ್ಲ.

ಆ ವರ್ಷದ ಪಾಳೆಯದ ಬಗೆಗೆ ನಮಗೆ ಬೇಕಾದಷ್ಟು ಬರೆಹವಿದೆ, ಚಿತ್ರವಿದೆ. ಮೇಜರ್ ಡಿರೋಂ 1793ರಲ್ಲಿ ಯುದ್ಧದ ವೃತ್ತಾಂತವನ್ನು ಅಚ್ಚುಹಾಕಿಸಿದನು. ದಂಡಿನೊಡನೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್, ಸೈನ್ಯಾಧಿಕಾರಿಗಳಾದ ಕೋಲ್‌ಬ್ರೂಕ್, ಅಲನ್ ಇವರು ಮೈಸೂರು ಸೀಮೆಯ ದೃಶ್ಯಗಳ ಸಂಪುಟಗಳನ್ನು ಒಂದೆರಡು ವರ್ಷಗಳಲ್ಲಿಯೇ ಲಂಡನ್ನಿನಲ್ಲಿ ಹೊರತಂದರು. ಬೆಟ್ಟ, ನದಿ, ದೂರದ ಗೋಪುರ, ಮುಂಭಾಗದಲ್ಲಿ ಒಂದೆರಡು ಡೇರೆ, ಮರದ ನೆರಳಲ್ಲಿ ಕುಳಿತ ನಾಲ್ಕು ಜನ; ನೋಡಿದರೆ ಎಂಥ ಪ್ರಶಾಂತವಾದ ನಾಡು ಎನಿಸಬೇಕು. ಲಂಡನ್ನಿನ ದಿವಾನಖಾನೆಗಳಲ್ಲಿ ಶ್ರೀರಂಗಪಟ್ಟಣದ ಸೀಮೆ ‘ರಮ್ಯಸ್ಥಳ’ವಾದದ್ದು ಹೀಗೆ. ಆ ಚಿತ್ರಗಳು ಸುಳ್ಳಲ್ಲ. ಕರಿಘಟ್ಟ ಅಂದೂ ಹಾಗೆಯೇ ಇತ್ತು, ಇಂದೂ ಹಾಗೆಯೇ ಇದೆ. ಆದರೆ ಅವು ಪೂರ್ತಿಯೂ ಅಲ್ಲ. ದ್ವೀಪದ ಪೂರ್ವತುದಿಯಲ್ಲಿದ್ದ ಲಾಲ್‌ಬಾಗಿನ ಸೈಪ್ರೆಸ್ ಮರಗಳನ್ನು ಮುತ್ತಿಗೆಯ ಕಂದಕದ ಕೆಲಸಕ್ಕಾಗಿ ಕಡಿದರೆಂದೂ ಅಲ್ಲಿನ ಅರಮನೆಯನ್ನು ಗಾಯಾಳುಗಳ ಆಸ್ಪತ್ರೆ ಮಾಡಿದರೆಂದೂ ಬರೆದಿಟ್ಟವರು ಅದೇ ದಂಡಿನವರು. ನಾಗಮಂಗಲದ ಪಾಡು ಇನ್ನೂ ಕಠಿನ. ಸೌಮ್ಯಕೇಶವನ ಗುಡಿಯ, ಲೋಹದ ಕುಶಲಕರ್ಮಿಗಳ ಆ ಊರನ್ನು 1792ರ ಯುದ್ಧದಲ್ಲಿ ಮರಾಠರು ಹಾಳುಗೆಡವಿದರು. ಆಗ ಅಲ್ಲಿ ತಾಳಜಾತಿಯ ಒಂದೂವರೆ ಲಕ್ಷ ಮರಗಳನ್ನು ಕಡಿದರೆಂಬ ಹೇಳಿಕೆಯನ್ನು ಮೈಸೂರಿನ ಗೆಜೆಟಿಯರು ಕೊಡುತ್ತದೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದೀತು; ಅರ್ಧಕ್ಕೆ ಇಳಿಸಿಕೊಂಡರೂ, ಅದರ ಅರ್ಧಕ್ಕೆ ಇಳಿಸಿಕೊಂಡರೂ ಎದೆ ಝಲ್ಲೆನ್ನುತ್ತದೆ. ರಾಗಿಯ ಹೊಲವನ್ನು ಸುಟ್ಟರೆ ಮುಂದಿನ ವರ್ಷ ಬಿತ್ತಬಹುದು. ಅಜ್ಜ ನೆಟ್ಟ ತೋಟವನ್ನು ಕಡಿದರೆ ಮೊಮ್ಮಗನವರೆಗೆ ಕಾಯಬೇಕು.

ಫೆಬ್ರುವರಿ 26ರಂದು ಟಿಪ್ಪುವಿನ ಇಬ್ಬರು ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಒತ್ತೆಯಾಗಿ ಕಾರ್ನ್‌ವಾಲಿಸನ ಡೇರೆಗೆ ಬಂದರು. ಎಂಟು ಹತ್ತು ವಯಸ್ಸಿನ ಹುಡುಗರು. ಆನೆಯ ಮೇಲಿಂದಿಳಿದ ಮಕ್ಕಳನ್ನು ಅವನು ಕೈಹಿಡಿದು ಒಳಕ್ಕೆ ಕರೆದೊಯ್ದು ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರವನ್ನು ಕೊಟ್ಟನು. ಇದನ್ನು ಕುರಿತು ಬರೆದ ವರ್ಣಚಿತ್ರಗಳು ಇಂಗ್ಲೆಂಡಿನಲ್ಲಿ ಮನೆಮಾತಾದವು. ಅರ್ಧರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ತೆರಬೇಕೆಂಬ ಕರಾರು ಮಾರ್ಚಿಯಲ್ಲಿ ಮುಗಿಯಿತು. ಮಕ್ಕಳು ಹಿಂದಿರುಗಿದ್ದು 1794ರಲ್ಲಿ. ತಂದೆಯನ್ನು ಮೆಚ್ಚುವವರೂ ಮೆಚ್ಚದವರೂ ಈ ಎರಡು ವರ್ಷಗಳ ಮುಂದೆ ಒಂದು ಗಳಿಗೆ ಮೌನವಾಗಬೇಕು.

1799ರ ಕಥೆ ಎಲ್ಲರಿಗೂ ಗೊತ್ತಿರುವುದು. ಅದನ್ನು ಇಲ್ಲಿ ಹಿಗ್ಗಿಸಬೇಕಾಗಿಲ್ಲ. ಋತುವಿನ ಮಾತಷ್ಟೇ ಹೇಳುತ್ತೇನೆ. ಏಪ್ರಿಲ್ ಮೊದಲ ವಾರದಲ್ಲಿ ಹ್ಯಾರಿಸನ ದಂಡು ಕೋಟೆಯ ಪಶ್ಚಿಮಕ್ಕೆ ಬೀಡುಬಿಟ್ಟಿತು. ಅವನಿಗೆ ಇದ್ದ ಭಯವೂ ಟಿಪ್ಪುವಿಗೆ ಇದ್ದ ಆಸೆಯೂ ಒಂದೇ: ಕಾವೇರಿಗೆ ಬರಲಿರುವ ಹೊಸನೀರು. ಇನ್ನೊಂದು ತಿಂಗಳು ತಡೆದಿದ್ದರೆ 1791ರ ಗತಿಯೇ ಮರುಕಳಿಸುತ್ತಿತ್ತೋ ಏನೋ. ಮೇ 4ರ ಮಧ್ಯಾಹ್ನ, ಬಂಡೆಗಳು ಕಾಣುವಷ್ಟು ಇಳಿದಿದ್ದ ನದಿಯನ್ನು ದಾಟಿ ದಂಡು ಕೋಟೆಯನ್ನು ಹೊಕ್ಕಿತು. ಮರುದಿನ ಟಿಪ್ಪುವನ್ನು ಮಣ್ಣುಮಾಡುವ ಹೊತ್ತಿಗೆ ಗುಡುಗು ಸಿಡಿಲಿನ ಮಳೆ ಸುರಿಯಿತು. ಕಾದಿದ್ದ ನೆಂಟ ಒಂದು ದಿನ ತಡವಾಗಿ ಬಂದಂತೆ. ಗೆದ್ದವರಿಗೂ ಆ ದ್ವೀಪ ಒಗ್ಗಲಿಲ್ಲ. ಚಳಿಜ್ವರಕ್ಕೆ ಹೆದರಿ 1809ರ ಸುಮಾರಿಗೆ ಮುಖ್ಯ ದಂಡು ಬೆಂಗಳೂರಿಗೆ ಹೋಯಿತು. ಫ್ರೆಂಚ್ ರಾಕ್ಸಿನಲ್ಲಿ ಮಾತ್ರ ಮದರಾಸು ಸೈನ್ಯದ ಒಂದು ತುಕಡಿ ಬಹುಕಾಲ ಉಳಿಯಿತು.

ಇಷ್ಟನ್ನು ಕೇಳಿದ ಮೇಲೆ, ಮಾಗಿಯ ಬಿಡಾರವೆಂದರೆ ನಮ್ಮಲ್ಲಿ ಸುಲಿಗೆಯ ಹೆಸರೇ ಎಂಬ ಶಂಕೆ ಹುಟ್ಟಬಹುದು. ಹಾಗಲ್ಲ. ಅದೇ ಋತುವಿನಲ್ಲಿ, ಅದೇ ಬಯಲುಗಳಲ್ಲಿ, ನಮ್ಮ ಒಕ್ಕಲಿಗರು ತಾವೇ ಹೂಡುವ ಇನ್ನೊಂದು ಬಿಡಾರವಿದೆ. ಸುಗ್ಗಿ ಮುಗಿದ ಮೇಲೆ, ರಥಸಪ್ತಮಿಯ ಸುಮಾರಿಗೆ, ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ, ಹೇಮಾವತಿಯ ದಡದ ಬೆಟ್ಟದ ಬುಡದಲ್ಲಿ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ಎತ್ತುಗಳ ಜೋಡಿಗಳನ್ನು ಹೊಡೆದುಕೊಂಡು ದೂರದಿಂದ ರೈತರು ಬರುತ್ತಾರೆ. ಚಪ್ಪರ ಹಾಕಿ, ಹುಲ್ಲು ಹಾಸಿ, ಎತ್ತಿಗೆ ಗೋಣಿಯನ್ನೋ ಕಂಬಳಿಯನ್ನೋ ಹೊದಿಸಿ, ತಾವು ಬೆಂಕಿಯ ಸುತ್ತ ಕುಳಿತು ರಾತ್ರಿ ಕಳೆಯುತ್ತಾರೆ. ಬೆಳಗ್ಗೆ ನದಿಯ ಮೇಲೆ ಮಂಜು ಏಳುತ್ತಿರುವಾಗ ಟವೆಲ್ಲಿನ ಮರೆಯಲ್ಲಿ ಬೆರಳು ಹ��ಡಿದು ವ್ಯಾಪಾರ ಮಾಡುತ್ತಾರೆ. ಈ ಎತ್ತುಗಳಿಗೂ ದಂಡಿಗೂ ಸಂಬಂಧವಿಲ್ಲದೆ ಇಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಮೈಸೂರಿನ ಫಿರಂಗಿಗಳನ್ನು ಎಳೆದದ್ದು, ಮುಂದೆ ಇಂಗ್ಲಿಷರ ದಂಡಿನ ಸಾಮಾನನ್ನು ಹೊತ್ತದ್ದು ಆ ತಳಿಯೇ. ಹಳ್ಳಿಕಾರ್ ಅದರ ಹತ್ತಿರದ ನೆಂಟ. ಫಿರಂಗಿಯೂ ಹೋಯಿತು, ಪಾಳೆಯವೂ ಹೋಯಿತು. ಎತ್ತು ಮತ್ತೆ ನೇಗಿಲಿಗೆ ಬಂದು ನಿಂತಿತು. ಈಗ ಟ್ರ್ಯಾಕ್ಟರಿನ ದಿನಗಳಲ್ಲಿ ಎತ್ತಿನ ಸಂಖ್ಯೆ ಇಳಿಯುತ್ತಿರುವುದು ಬೇರೆಯ ಮಾತು.

ದಂಡಿನ ಬಿಡಾರಕ್ಕೂ ಜಾತ್ರೆಯ ಬಿಡಾರಕ್ಕೂ ಮೇಲುನೋಟಕ್ಕೆ ಬಹಳ ಹೋಲಿಕೆಯಿದೆ. ಅದೇ ಚಳಿ, ಅದೇ ಬೆಂಕಿ, ಅದೇ ನೀರಿನ ದಡ, ಅದೇ ಎತ್ತು. ಭೇದ ಒಂದೇ: ಒಬ್ಬನು ತನ್ನ ಬುತ್ತಿಯನ್ನು ತಾನು ಕಟ್ಟಿಕೊಂಡು ಬರುತ್ತಾನೆ, ಇನ್ನೊಬ್ಬನು ಊರಿನ ಬುತ್ತಿಯನ್ನು ಬಿಚ್ಚಲು ಬರುತ್ತಾನೆ. ಇಂದು ಈ ಸ್ಥಳಗಳಿಗೆ ಮೂರನೆಯ ಬಗೆಯ ಬಿಡಾರದವರು ಬರುತ್ತಿದ್ದಾರೆ. ವಾರದ ಕೊನೆಯಲ್ಲಿ ಬೆಂಗಳೂರಿನಿಂದ ತರುಣರು ಹೊರಟು ಕತ್ತಲಲ್ಲಿಯೇ ಕುಂತಿಬೆಟ್ಟವನ್ನು ಹತ್ತಿ ಸೂರ್ಯೋದಯವನ್ನು ಕಾಯುತ್ತಾರೆ. ತೊಣ್ಣೂರಿನ ಕೆರೆಯ ದಡಕ್ಕೆ ಹೋಗಿ ಕೂರುತ್ತಾರೆ. ನನಗೆ ಇದರಲ್ಲಿ ಸಂತೋಷವೇ ಇದೆ. ಸೌಂದರ್ಯವನ್ನು ಅರಸಿ ಬರುವವರು ಸೂರೆಯನ್ನು ಅರಸಿ ಬಂದವರಿಗಿಂತ ಮೇಲು. ಆದರೆ ಅವರು ಕೆರೆಯ ಏರಿಯ ಮೇಲೆ ನಿಂತಾಗ, ಶತ್ರುವಿಗೆ ನೀರು ಸಿಗಬಾರದೆಂದು ಟಿಪ್ಪು ಇದೇ ಏರಿಯನ್ನು ಒಡೆಸಿದನೆಂದೂ ಬಳಿಕ ಅದನ್ನು ಮತ್ತೆ ಕಟ್ಟಬೇಕಾಯಿತೆಂದೂ ಯಾರಾದರೂ ಅವರಿಗೆ ಹೇಳಬೇಕು. ರಮಣೀಯವಾದ ಸ್ಥಳ ತನಗೆ ತಾನೇ ಉಳಿದು ಬಂದುದಲ್ಲ. ಒಡೆದದ್ದನ್ನು ಯಾರೋ ಮತ್ತೆ ಕಟ್ಟಿದ್ದರಿಂದ, ಕಡಿದದ್ದನ್ನು ಯಾರೋ ಮತ್ತೆ ನೆಟ್ಟಿದ್ದರಿಂದ ಉಳಿದು ಬಂದಿದೆ. ಆ ಯಾರೋ ಎಂಬವರ ಹೆಸರು ಯಾವ ವೃತ್ತಾಂತದಲ್ಲಿಯೂ ಇಲ್ಲ.

ಕೊನೆಗೆ ಒಂದು ಹೆಸರಿನ ಮಾತು. ಹಿರೋಡೆ ಎಂಬ ಊರು ಪರದೇಶದ ಸೈನಿಕರು ಬೀಡುಬಿಟ್ಟುದರಿಂದ ಫ್ರೆಂಚ್ ರಾಕ್ಸ್ ಆಯಿತು. ನಮ್ಮ ಜನರಿಗೆ ಆ ಬಂಡೆಗಳ ಬಗೆಗೆ ಬೇರೊಂದು ಕಥೆ ಗೊತ್ತಿತ್ತು: ವನವಾಸದ ಕಾಲದಲ್ಲಿ ಪಾಂಡವರು ತಾಯಿಯೊಡನೆ ಅಲ್ಲಿ ಬಿಡಾರ ಮಾಡಿದ್ದರು ಎಂದು. ಚರಿತ್ರಕಾರನಿಗೆ ಈ ಕಥೆಗೆ ಆಧಾರ ಸಿಗುವುದಿಲ್ಲ. ಫ್ರೆಂಚರ ಬಿಡಾರಕ್ಕೆ ಬೇಕಾದಷ್ಟು ಆಧಾರವಿದೆ. ಆದರೂ ಊರು ತನ್ನ ಹೆಸರನ್ನು ಆರಿಸಿಕೊಳ್ಳುವ ಕಾಲ ಬಂದಾಗ ಪಾಂಡವಪುರವೆಂದೇ ಆಯಿತು. ಇದರಲ್ಲಿ ಬರಿಯ ಪುರಾಣಪ್ರೀತಿಯನ್ನು ಕಾಣುವುದು ಸಾಲದು. ಎರಡು ಬಿಡಾರಗಳ ನಡುವೆ ಜನ ಒಂದನ್ನು ಆರಿಸಿದರು. ಗೆಲ್ಲಲು ಬಂದವರ ಪಾಳೆಯಕ್ಕಿಂತ, ಎಲ್ಲವನ್ನೂ ಕಳೆದುಕೊಂಡು ತಾಯಿಯ ಕೈಹಿಡಿದು ಬಂದವರ ಪಾಳೆಯವೇ ಅವರಿಗೆ ತಮ್ಮದೆನಿಸಿತು. ಪ್ರತಿ ಮಾಗಿಯಲ್ಲಿಯೂ ಮನೆ ಬಿಟ್ಟು ಕಾಡು ಸೇರಬೇಕಾಗಿದ್ದ ಸೀಮೆಯ ಜನ ಇನ್ನೇನನ್ನು ಆರಿಸಿಯಾರು?